ಪಾಕಿಸ್ತಾನಿ ಮನೆಗಳ ಅತಿಥಿ ಸತ್ಕಾರ: ಶರಬತ್ತಿನಿಂದ ಕಹ್ವಾವರೆಗೆ, ಮಾಡುವುದು ಹೇಗೆ, ಕೊಡುವುದು ಹೇಗೆ

ಲಾಹೋರ್ ಇರಲಿ, ಕರಾಚಿ ಇರಲಿ, ಮೇ ತಿಂಗಳ ಮಧ್ಯಾಹ್ನ ಯಾರ ಮನೆಗೆ ಹೋಗಿ ಕೂತರೂ ಸ್ವಲ್ಪ ಹೊತ್ತಿಗೆ ಟ್ರೇ ಬಂದೇ ಬರುತ್ತದೆ. ಟ್ರೇ ತುಂಬ ಹೊರಗೆಲ್ಲ ನೀರು ಹನಿಗಟ್ಟಿದ ಲೋಟಗಳು. "ಏನಾದರೂ ಕುಡೀತೀರಾ" ಅಂತ ಯಾರೂ ಕೇಳಿರುವುದಿಲ್ಲ. ಹೆಚ್ಚೆಂದರೆ "ಠಂಡಾ ಯಾ ಗರಮ್?" ಅಂದಿರುತ್ತಾರೆ. ತಣ್ಣಗಿನದೋ ಬಿಸಿಯದೋ ಅಷ್ಟೇ ಪ್ರಶ್ನೆ, ಬೇಡ ಅನ್ನಲು ಅದರಲ್ಲಿ ಜಾಗವೇ ಇಲ್ಲ.

ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ಇದು ಹೊಸದಲ್ಲ. ಪಕ್ಕದ ಫ್ಲಾಟಿನವರು, ಆಫೀಸಿನವರು, ಟ್ಯಾಕ್ಸಿ ಓಡಿಸುವ ಪೇಶಾವರದ ಚಾಚಾ, ಹೀಗೆ ಎಲ್ಲೋ ಒಂದು ಕಡೆ ಪರಿಚಯ ಆಗಿರುತ್ತದೆ. ನಾನು ಇದನ್ನೆಲ್ಲ ಕಲಿತದ್ದೂ ಶಾರ್ಜಾದ ನೆರೆಮನೆಯವರಿಂದ. ಅಂಥವರನ್ನು ನಿಮ್ಮ ಮನೆಗೆ ಕರೆದಿದ್ದೀರಿ, ಅವರ ರೀತಿಯಲ್ಲೇ ಏನಾದರೂ ಮಾಡಿಕೊಡಬೇಕು ಅಂತಿದ್ದೀರಿ ಅಂದರೆ ಮುಂದೆ ಓದಿ. ಸುಮ್ನೆ ಬೇಸಿಗೆಗೆ ಬೇರೆ ಥರದ ಪಾನೀಯ ಹುಡುಕುತ್ತಿದ್ದರೂ ಆಯ್ತು.

ಮೊದಲು ಒಂದು ಮಾತು. ಅತಿಥಿ ಬಂದ ಮೇಲೆ ಮಿಕ್ಸಿ ಓಡಿಸುವ ಪದ್ಧತಿ ಅಲ್ಲಿಲ್ಲ. ನೆನೆಸುವುದು, ಸೋಸುವುದು, ತಣ್ಣಗಾಗಿಸುವುದು ಎಲ್ಲ ಮೊದಲೇ ಮುಗಿದಿರುತ್ತದೆ. ಬಂದವರು ಕೂತ ಮೇಲೆ ಉಳಿಯುವ ಕೆಲಸ ಲೋಟಕ್ಕೆ ಸುರಿಯುವುದು ಮಾತ್ರ. ಮನೆಯವರು ಅಡುಗೆಮನೆಯಲ್ಲಿ ಸಿಕ್ಕಿಕೊಂಡು ಅತಿಥಿ ಒಬ್ಬರೇ ಗೋಡೆ ನೋಡುತ್ತಾ ಕೂರುವಂತಾದರೆ ಎಷ್ಟು ಒಳ್ಳೆಯ ಶರಬತ್ತು ಕೊಟ್ಟರೂ ದಂಡ. ಅದಕ್ಕೇ ಈ ಲೇಖನವನ್ನು ಗಡಿಯಾರದ ಪ್ರಕಾರ ಬರೆದಿದ್ದೇನೆ: ಹಿಂದಿನ ರಾತ್ರಿಯಿಂದ ಶುರು.

ಹಿಂದಿನ ರಾತ್ರಿ ನೆನೆಸಬೇಕಾದದ್ದು

ಗೋಂದ್ ಕತೀರಾ ಅಂತ ಒಂದು ಅಂಟು ಸಿಗುತ್ತದೆ, ಡ್ರೈಫ್ರೂಟ್ಸ್ ಅಂಗಡಿಯಲ್ಲಿ ಕೇಳಿ. ಬಿಳಿ ಹರಳಿನ ಚೂರುಗಳ ಹಾಗಿರುತ್ತದೆ. ಒಂದೇ ಒಂದು ಟೀ ಚಮಚದಷ್ಟನ್ನು ಎರಡು ಲೋಟ ನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದರೆ ಪಾತ್ರೆ ತುಂಬ ಲೋಳೆಯಂತೆ ಉಬ್ಬಿರುತ್ತದೆ. ಜಾಸ್ತಿ ಹಾಕಿದರೆ ವಾರವಿಡೀ ಅದನ್ನೇ ಕುಡಿಯಬೇಕಾಗುತ್ತದೆ. ಅದಕ್ಕೆ ರುಚಿ ಅಂತ ಏನೂ ಇಲ್ಲ. ಆದರೆ ಪಂಜಾಬಿನಲ್ಲಿ ಬೇಸಿಗೆಗೆ ಇದು ದೇಹಕ್ಕೆ ತಂಪು ಅನ್ನುವ ನಂಬಿಕೆ ಗಟ್ಟಿಯಾಗಿದೆ.

ತುಖ್ಮಲಂಗಾ ಅಂತ ಇನ್ನೊಂದು ಇದೆ. ಅದು ಸಿಗಲಿಲ್ಲ ಅಂದರೆ ತಲೆಬಿಸಿ ಬೇಡ, ನಮ್ಮ ಕಾಮಕಸ್ತೂರಿ ಬೀಜ ಹಾಕಿ, ಕೆಲಸ ಅದೇ. ಇದಕ್ಕೆ ರಾತ್ರಿಯಿಡೀ ಬೇಕಿಲ್ಲ, ಅರ್ಧ ಗಂಟೆ ಸಾಕು. ಒಂದು ಚಮಚ ಬೀಜಕ್ಕೆ ಒಂದು ಲೋಟ ನೀರು.

ಅದೇ ರಾತ್ರಿ ನೆನೆಸಬೇಕಾದ ಇನ್ನೊಂದು, ನನ್ನ ಪ್ರಕಾರ ಇಡೀ ಪಟ್ಟಿಯಲ್ಲೇ ಮೇಲಿನದು, ಇಮ್ಲಿ ಆಲೂಬುಖಾರ ಶರಬತ್ತು. ಹುಣಸೆಹಣ್ಣು ಮತ್ತು ಒಣಗಿಸಿದ ಆಲೂಬುಖಾರದ್ದು, ಅಂದರೆ ಪ್ಲಮ್ ಹಣ್ಣಿನದು. ಲಾಹೋರಿನ ಬೀದಿಗಳಲ್ಲಿ ಬೇಸಿಗೆ ಬಂತೆಂದರೆ ಇದರ ಗಾಡಿಗಳು ನಿಲ್ಲುತ್ತವೆ, ಮನೆಗಳಲ್ಲೂ ಮಾಡಿಡುತ್ತಾರೆ. 200 ಗ್ರಾಂ ಒಣ ಆಲೂಬುಖಾರ, 100 ಗ್ರಾಂ ಬೀಜ ತೆಗೆದ ಹುಣಸೆಹಣ್ಣು, ಎರಡನ್ನೂ ಒಂದು ಲೀಟರ್ ನೀರಿನಲ್ಲಿ ಸ್ಟೀಲ್ ಪಾತ್ರೆಯಲ್ಲಿ ನೆನೆಹಾಕಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಅದು ಆಗಿಬರುವುದಿಲ್ಲ. ಬೆಳಿಗ್ಗೆ ಅದೇ ನೀರಿನ ಜೊತೆ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಕೈಯಲ್ಲೇ ಚೆನ್ನಾಗಿ ಕಿವುಚಿ ಬೀಜ, ಸಿಪ್ಪೆ ತೆಗೆದು ಸೋಸಿ. ಸೋಸಿದ ರಸಕ್ಕೆ 400 ಗ್ರಾಂ ಸಕ್ಕರೆ ಹಾಕಿ ಮತ್ತೆ ಒಲೆಗಿಡಿ. ಸ್ವಲ್ಪ ಅಂಟು ಬರುವವರೆಗೆ ಕುದಿಯಲಿ. ಇಳಿಸುವ ಮುಂಚೆ ಒಂದು ಚಮಚ ಕಪ್ಪು ಉಪ್ಪು, ಒಂದು ಚಮಚ ಹುರಿದ ಜೀರಿಗೆ ಪುಡಿ. ಅಷ್ಟೇ. ಕೊಡುವಾಗ ಒಂದು ಪಾಲು ಇದಕ್ಕೆ ಮೂರು ಪಾಲು ತಣ್ಣೀರು, ಮೇಲೆ ಒಂದು ಚಮಚ ನೆನೆದ ಕಾಮಕಸ್ತೂರಿ.

ಅಂಗಡಿಯಲ್ಲಿ ಆಲೂಬುಖಾರ ಕೇಳಿದರೆ ಕೆಲವರು ಮೆತ್ತಗಿನ ಕಪ್ಪು ಪ್ರೂನ್ಸ್ ಕೊಡುತ್ತಾರೆ. ಅದು ಸಿಹಿ ಜಾಸ್ತಿ, ಹುಳಿ ಕಡಿಮೆ, ಇದಕ್ಕೆ ಸರಿಹೋಗುವುದಿಲ್ಲ. ಬೀಜ ಸಮೇತ ಒಣಗಿ ಸುಕ್ಕುಗಟ್ಟಿದ, ಬಾಯಿಗಿಟ್ಟರೆ ಹುಳಿ ಹೊಡೆಯುವ ಥರದ್ದೇ ಬೇಕು.

ಬಾಗಿಲಿಗೆ ಬಂದಾಗ

ಪಂಜಾಬಿನಲ್ಲಿ "ಜೀ ಆಯಾಂ ನೂ", ಸಿಂಧ್‌ನಲ್ಲಿ "ಭಲಿ ಕರೇ ಆಯಾ", ಪಠಾಣರ ಕಡೆ "ಪಖೈರ್ ರಾಘ್ಲೇ". ಎಲ್ಲವೂ ಸ್ವಾಗತದ ಮಾತುಗಳೇ. ಹಳ್ಳಿಗಳ ಕಡೆ ಅತಿಥಿಗೆ ಅಂತಲೇ ಬೇರೆ ಜಾಗ ಇರುತ್ತದೆ. ಪಂಜಾಬಿನಲ್ಲಿ ಬೈಠಕ್, ಸಿಂಧ್‌ನಲ್ಲಿ ಓತಾಕ್, ಪಠಾಣರಲ್ಲಿ ಹುಜ್ರಾ. ಬಲೂಚರಲ್ಲಿ ಒಂದು ಚೆಂದದ ಪದ್ಧತಿ ಇದೆ. ಬಂದವರು ಕೂತ ಮೇಲೆ "ಹಾಲ್" ಕೇಳುತ್ತಾರೆ. ಎಲ್ಲಿಂದ ಬಂದಿರಿ, ದಾರಿಯಲ್ಲಿ ಏನು ನೋಡಿದಿರಿ, ಊರ ಕಡೆ ಮಳೆ ಬೆಳೆ ಹೇಗೆ ಅಂತೆಲ್ಲ ಕ್ರಮವಾಗಿ ವಿಚಾರಿಸಿ, ಆಮೇಲೆ ತಮ್ಮ ಕಡೆಯ ಸುದ್ದಿ ಹೇಳುತ್ತಾರೆ.

ನಿಮ್ಮ ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಕೂರಿಸಿ. ಮೊದಲು ಒಂದು ಲೋಟ ಬರೀ ನೀರು ಕೊಡಿ. ಬಿಸಿಲಿನಿಂದ ಬಂದವರಿಗೆ ಮೊದಲ ಗುಟುಕೇ ಸಿಹಿ ಶರಬತ್ತಾದರೆ ಬಾಯಾರಿಕೆ ತೀರುವುದಿಲ್ಲ. ಇದು ಬೆಲ್ಲ ನೀರು ಕೊಟ್ಟು ಬೆಳೆದ ನಮ್ಮ ಊರುಗಳವರಿಗೆ ಹೇಳಿಕೊಡಬೇಕಾಗಿಲ್ಲ ಬಿಡಿ. ಆಮೇಲೆ ಟ್ರೇ ತನ್ನಿ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಬರುವುದು ಅಲ್ಲಿ ಅಷ್ಟು ಮರ್ಯಾದೆ ಅನಿಸುವುದಿಲ್ಲ, ಟ್ರೇಯಲ್ಲೇ ತರಬೇಕು. ಎಲ್ಲರಿಗಿಂತ ಹಿರಿಯರ ಮುಂದೆ ಮೊದಲು ಹಿಡಿಯಿರಿ. ಬಲಗೈಯಲ್ಲೇ ಕೊಡಿ. ಮನೆಯವರು ಕೊನೆಯಲ್ಲಿ ತೆಗೆದುಕೊಳ್ಳಬೇಕು, ಆದರೆ ತೆಗೆದುಕೊಳ್ಳಲೇಬೇಕು. ನೀವು ಕುಡಿಯದೆ ಅವರನ್ನು ನೋಡುತ್ತಾ ಕೂತರೆ ಅವರಿಗೆ ಸಂಕೋಚ.

"ಅಯ್ಯೋ ಇದೆಲ್ಲ ಯಾಕೆ, ತಕಲ್ಲುಫ್ ಮಾಡಬೇಡಿ" ಅಂತ ಅವರು ಒಂದೆರಡು ಸಲ ಹೇಳುತ್ತಾರೆ. ಉಪಚಾರ ಬೇಡ ಅನ್ನುವುದೂ ಉಪಚಾರದ್ದೇ ಮಾತು, ಅದನ್ನು ಕೇಳಿ ಟ್ರೇ ವಾಪಸ್ ಒಯ್ಯಬೇಡಿ! ಎರಡನೇ ಸಲ ಒತ್ತಾಯಿಸಿ. ಮೂರನೇ ಸಲವೂ ಬೇಡ ಅಂದರೆ ಶುಗರೋ ಇನ್ನೇನೋ ಇರಬಹುದು, ಬಿಟ್ಟುಬಿಡಿ. ಅಂಥವರಿಗಾಗಿ ಸಕ್ಕರೆ ಇಲ್ಲದ ಶಿಕಂಜಬೀನ್ ಇಟ್ಟಿರಿ. ನಿಂಬೆರಸ, ಉಪ್ಪು, ಚಿಟಿಕೆ ಕಪ್ಪು ಉಪ್ಪು, ಚಿಟಿಕೆ ಕಾಳುಮೆಣಸಿನ ಪುಡಿ, ಜಜ್ಜಿದ ಪುದೀನ. ಎರಡು ನಿಮಿಷದ ಕೆಲಸ.

ಕೆಂಪು ಬಾಟಲಿ

ರೂಹ್ ಅಫ್ಜಾ ಇಲ್ಲದೆ ಈ ವಿಷಯ ಮುಗಿಯಲ್ಲ. ಇದರ ಹುಟ್ಟು ಹಳೆಯ ದೆಹಲಿಯಲ್ಲಿ. ಹಕೀಂ ಹಾಫಿಜ್ ಅಬ್ದುಲ್ ಮಜೀದ್ ಅವರು 1906ರಲ್ಲಿ ಶುರು ಮಾಡಿದ ಹಮ್ದರ್ದ್ ದವಾಖಾನೆಯ ಶರಬತ್ತು ಇದು, ಬಿಸಿಲ ಝಳಕ್ಕೆ ಯುನಾನಿ ಔಷಧಿಯಂತೆ ಮಾಡಿದ್ದು. ದೇಶ ಒಡೆದಾಗ ಒಬ್ಬ ಮಗ ದೆಹಲಿಯಲ್ಲೇ ಉಳಿದರು. ಚಿಕ್ಕವರಾದ ಹಕೀಂ ಮೊಹಮ್ಮದ್ ಸಯೀದ್ 1948ರಲ್ಲಿ ಕರಾಚಿಗೆ ಹೋಗಿ ಅಲ್ಲೂ ಹಮ್ದರ್ದ್ ಕಟ್ಟಿದರು. ಮುಂದೆ ಅವರು ಸಿಂಧ್‌ನ ರಾಜ್ಯಪಾಲರೂ ಆದರು. ಹಾಗಾಗಿ ಬೆಂಗಳೂರಿನ ಅಂಗಡಿಯಲ್ಲಿ ಸಿಗುವ ಬಾಟಲಿಗೂ ಕರಾಚಿಯ ಬಾಟಲಿಗೂ ಹೆಸರು ಒಂದೇ, ಕಂಪನಿ ಬೇರೆ ಬೇರೆ. ಪಾಕಿಸ್ತಾನದಲ್ಲಿ ಇದಕ್ಕೆ ಪೈಪೋಟಿಗೆ ಜಾಮ್-ಎ-ಶೀರೀನ್ ಅಂತ ಇನ್ನೊಂದಿದೆ. ಯಾವುದು ಒಳ್ಳೆಯದು ಅಂತ ಅವರ ಮುಂದೆ ಕೇಳಿಬಿಟ್ಟರೆ ಆ ಸಂಜೆ ಮಾತಿಗೆ ಬರವಿಲ್ಲ.

ಮಾಡುವುದು ಸುಲಭ, ಕೆಡಿಸುವುದೂ ಸುಲಭ. 250 ಮಿಲಿ ಲೋಟಕ್ಕೆ ಎರಡು ದೊಡ್ಡ ಚಮಚ ಸಾಕು. ಅದಕ್ಕೇ ಬೇಕಾದಷ್ಟು ಸಕ್ಕರೆ ಇರುವುದರಿಂದ ಬೇರೆ ಸಕ್ಕರೆ ಬೇಡ. ಮೊದಲು ತಳದಲ್ಲಿ ಸ್ವಲ್ಪ ನೀರು ಹಾಕಿ ಶರಬತ್ತು ಕದಡಿಕೊಳ್ಳಿ, ಆಮೇಲೆ ಮಿಕ್ಕಿದ್ದನ್ನು ಸುರಿಯಿರಿ. ನೇರ ತಣ್ಣೀರಿಗೆ ಹಾಕಿದರೆ ತಳದಲ್ಲೇ ಕೂತುಬಿಡುತ್ತದೆ. ಹಾಲಿನ ಜೊತೆ ಮಾಡಿದರೆ ಮೇಲೆ ಗೋಂದ್ ಕತೀರಾ ಹಾಕಬಹುದು. ನೀರಿನ ಜೊತೆ ಮಾಡಿದರೆ ಅರ್ಧ ನಿಂಬೆಹಣ್ಣು ಹಿಂಡಿ, ಸಿಹಿ ಹದಕ್ಕೆ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ, ಹಾಲಿಗೆ ನಿಂಬೆ ಬಿದ್ದರೆ ಏನಾಗುತ್ತದೆ ಅಂತ ಗೊತ್ತಲ್ವಾ.

ಠಾದಲ್, ಅಥವಾ ಸರ್ದಾಯಿ

ಸಿಂಧ್‌ನ ಜಕೋಬಾಬಾದ್ ಕಡೆ ಬೇಸಿಗೆಯಲ್ಲಿ 50 ಡಿಗ್ರಿ ಮುಟ್ಟುವುದುಂಟು. ಅಂಥ ಸೀಮೆಯವರು ಕಂಡುಕೊಂಡ ಪಾನೀಯ ಠಾದಲ್. ಹೆಚ್ಚುಕಡಿಮೆ ಅದನ್ನೇ ಪಂಜಾಬಿನವರು ಸರ್ದಾಯಿ ಅಂತಾರೆ. ಅಖಾಡಾಗಳ ಪೈಲ್ವಾನರಿಗೆ ಪ್ರಿಯವಾದದ್ದು. ಸಮಯ ಇಟ್ಟುಕೊಂಡು ಒಂದೇ ಒಂದು ಪಾನೀಯ ಮಾಡುವುದಾದರೆ ಇದನ್ನೇ ಮಾಡಿ. ನೀವು ಕಷ್ಟಪಟ್ಟಿದ್ದೀರಿ ಅಂತ ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ನಾಲ್ಕೈದು ಜನಕ್ಕೆ: 20 ಬಾದಾಮಿ, ಎರಡು ದೊಡ್ಡ ಚಮಚ ಗಸಗಸೆ, ಎರಡು ದೊಡ್ಡ ಚಮಚ ಚಾರ್ ಮಗಜ್. ಈ ಚಾರ್ ಮಗಜ್ ಅಂದರೆ ಕಲ್ಲಂಗಡಿ, ಕರಬೂಜ, ಸೌತೆ, ಕುಂಬಳದ ಬೀಜಗಳ ತಿರುಳು. ನಾಲ್ಕೂ ಸಿಗದಿದ್ದರೆ ಕರಬೂಜದ್ದೊಂದೇ ಆದರೂ ನಡೆಯುತ್ತದೆ. ಮೂರನ್ನೂ ರಾತ್ರಿಯೇ ನೆನೆಸಿ. ಬೆಳಿಗ್ಗೆ ಬಾದಾಮಿ ಸಿಪ್ಪೆ ಸುಲಿದು, ಒಂದು ಚಮಚ ಸೋಂಪು, ಎಂಟು ಕಾಳುಮೆಣಸು, ನಾಲ್ಕು ಏಲಕ್ಕಿ ಸೇರಿಸಿ, ಒಣ ಗುಲಾಬಿ ಎಸಳಿದ್ದರೆ ಒಂದು ಹಿಡಿ ಹಾಕಿ ನುಣ್ಣಗೆ ರುಬ್ಬಿ. ಅಲ್ಲಿ ಇದನ್ನು ಕೂಂಡಿ ಅನ್ನುವ ಅಗಲ ಬಾಯಿಯ ಪಾತ್ರೆಯಲ್ಲಿ ದಪ್ಪ ಮರದ ದಂಡದಿಂದ ಅರೆಯುತ್ತಾರೆ. ನಮಗೆ ಮಿಕ್ಸಿ ಇದೆ, ಆದರೆ ಒಂದೇ ಸಲ ನೀರು ಸುರಿಯಬೇಡಿ. ಮೊದಲು ಗಟ್ಟಿಯಾಗಿ ರುಬ್ಬಿ, ಆಮೇಲೆ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ ಹೋಗಿ. ಹಾಗೆ ಮಾಡಿದರೆ ಹಾಲು ಚೆನ್ನಾಗಿ ಬಿಡುತ್ತದೆ. ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. ಉಳಿದ ಸಿಪ್ಪೆಯನ್ನು ಇನ್ನೊಮ್ಮೆ ನೀರು ಹಾಕಿ ರುಬ್ಬಿ ಹಿಂಡಿ. ಇದಕ್ಕೆ ಅರ್ಧ ಲೀಟರ್ ಕಾಯಿಸಿ ಆರಿಸಿದ ಹಾಲು, ರುಚಿಗೆ ಸಕ್ಕರೆ. ಒಟ್ಟು ಒಂದು ಲೀಟರಿನಷ್ಟಾಗಲಿ. ಫ್ರಿಜ್ಜಿನಲ್ಲಿ ಕನಿಷ್ಠ ಎರಡು ಗಂಟೆ.

ಗಲ್ಫ್‌ನಲ್ಲಿರುವವರು ಇದೊಂದನ್ನು ಮರೆಯಬೇಡಿ: ಯುಎಇ, ಸೌದಿಯಲ್ಲೆಲ್ಲ ಗಸಗಸೆ ನಿಷೇಧ. ಊರಿಂದ ಬರುವಾಗ "ಪಾಯಸಕ್ಕೆ ಅಂತ ಒಂದು ಪೊಟ್ಟಣ" ಬ್ಯಾಗಿಗೆ ಹಾಕಿಕೊಂಡರೂ ವಿಮಾನ ನಿಲ್ದಾಣದಲ್ಲಿ ದೊಡ್ಡ ಕೇಸೇ ಆಗಬಹುದು. ಅಲ್ಲಿನ ಪಾಕಿಸ್ತಾನಿಗಳು ಗಸಗಸೆ ಬಿಟ್ಟು ಬಾದಾಮಿ, ಮಗಜ್ ಹೆಚ್ಚಿಸಿಕೊಳ್ಳುತ್ತಾರೆ. ರುಚಿ ಸ್ವಲ್ಪ ಬದಲಾಗುತ್ತದೆ, ಪರವಾಗಿಲ್ಲ.

ಸತ್ತು, ಮತ್ತೆ ಹಾಲಿಗೆ ಸೋಡಾ

ಪಂಜಾಬಿನ ಹಳ್ಳಿ ಮನೆಯ ಸತ್ತು ಅಂದರೆ ಹುರಿದ ಜವೆಗೋಧಿಯ ಹಿಟ್ಟು. ಬಿಹಾರದ ಕಡಲೆ ಸತ್ತುವಿಗೂ ಇದಕ್ಕೂ ಹೆಸರು ಒಂದೇ, ಇದು ಸಿಹಿಗೆ. ನಮ್ಮ ಹುರಿಹಿಟ್ಟಿನ ಸೋದರ ಅಂದುಕೊಳ್ಳಿ. ಜವೆಗೋಧಿಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು, ಆರಿಸಿ, ಪುಡಿ ಮಾಡಿ ಜರಡಿ ಹಿಡಿಯಿರಿ. ಲೋಟಕ್ಕೆ ಎರಡು ದೊಡ್ಡ ಚಮಚ ಹಿಟ್ಟು, ಅದಕ್ಕೆ ಬೆಲ್ಲದ ಪುಡಿ. ಸ್ವಲ್ಪವೇ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ತಣ್ಣೀರು ತುಂಬಿಸಿ. ತಕ್ಷಣ ಕೊಡಿ, ಇಟ್ಟರೆ ಗಟ್ಟಿಯಾಗುತ್ತದೆ. ಹೊಟ್ಟೆ ತುಂಬುವ ಪಾನೀಯ ಇದು, ಊಟಕ್ಕೆ ಮುಂಚೆ ಕೊಟ್ಟರೆ ನಿಮ್ಮ ಬಿರಿಯಾನಿ ಉಳಿಯುತ್ತದೆ. ದಾರಿಯ ಮೇಲೆ ಹೋಗುವವರು ಒಂದು ಗಳಿಗೆ ಬಂದು ಹೋಗುತ್ತಾರಲ್ಲ, ಅವರಿಗೆ ಸರಿ.

ದೂಧ್ ಸೋಡಾ ಕೇಳಿ ಮುಖ ಕಿವುಚಬೇಡಿ. ಹಾಲಿಗೆ ನಿಂಬೆ ಸೋಡಾ ಹಾಕುವುದು. ಈಗಷ್ಟೇ ಹಾಲಿಗೆ ನಿಂಬೆ ಬೇಡ ಅಂದೆನಲ್ಲ, ಆದರೆ ಎರಡೂ ಫ್ರಿಜ್ಜಿನಿಂದ ಆಗತಾನೇ ತೆಗೆದಂತೆ ತಣ್ಣಗಿದ್ದು, ಕೂಡಲೇ ಕುಡಿದರೆ ಒಡೆಯುವುದಿಲ್ಲ. ಜಗ್ಗಿಗೆ ಮೊದಲು ಹಾಲು, ಬೇಕಾದರೆ ಒಂದು ಚಮಚ ಸಕ್ಕರೆ, ಆಮೇಲೆ ಅಷ್ಟೇ ಅಳತೆಯ ಸೋಡಾ. ಜಗ್ಗನ್ನು ಓರೆಯಾಗಿ ಹಿಡಿದು ನಿಧಾನ ಸುರಿಯಿರಿ, ಇಲ್ಲದಿದ್ದರೆ ನೊರೆ ಉಕ್ಕಿ ಮೇಜೆಲ್ಲ ಹಾಲು. ಕರಾಚಿಯವರು ಇದನ್ನು ಪಾಕೋಲಾ ಹಾಕಿಯೂ ಮಾಡುತ್ತಾರೆ. 1950ರಲ್ಲಿ ಕರಾಚಿಯಲ್ಲಿ ಶುರುವಾದ, ಹಸಿರು ಬಣ್ಣದ ಐಸ್‌ಕ್ರೀಮ್ ಸೋಡಾ ಅದು. ಬಣ್ಣ ನೋಡಿದರೆ ಕುಡಿಯುವ ಧೈರ್ಯ ಬರುವುದಿಲ್ಲ, ಮಕ್ಕಳು ಮಾತ್ರ ಮೊದಲು ಅದಕ್ಕೇ ಕೈ ಹಾಕುತ್ತಾರೆ.

ಕಬ್ಬಿನ ಹಾಲು ಮನೆಯಲ್ಲಿ ಮಾಡುವಂಥದ್ದಲ್ಲ. ಆದರೂ ಹೇಳಲೇಬೇಕು, 2019ರಲ್ಲಿ ಪಾಕಿಸ್ತಾನ ಸರ್ಕಾರ ಟ್ವಿಟರ್‌ನಲ್ಲಿ ಜನಮತ ಕೇಳಿ ಕಬ್ಬಿನ ಹಾಲನ್ನೇ ರಾಷ್ಟ್ರೀಯ ಪಾನೀಯ ಅಂತ ಮಾಡಿತು. ಕಿತ್ತಳೆ, ಕ್ಯಾರೆಟ್ ರಸಗಳು ಸೋತವು. ಅತಿಥಿ ಬಂದಾಗ ಹುಡುಗರನ್ನು ಓಡಿಸಿ ಗಾಡಿಯಿಂದ ತರಿಸುವುದು ವಾಡಿಕೆ. ಶುಂಠಿ, ನಿಂಬೆ, ಕಪ್ಪು ಉಪ್ಪು ಇರಬೇಕು. ತಂದ ಕೂಡಲೇ ಕೊಡಿ, ಸ್ವಲ್ಪ ತಡವಾದರೂ ಕಪ್ಪಾಗುತ್ತದೆ.

ಊಟದ ಜೊತೆ

ಊಟದ ಜೊತೆಗೆ ಲಸ್ಸಿ, ಅದರಲ್ಲೂ ಉಪ್ಪಿನದು. ಸಿಹಿ ಲಸ್ಸಿ ಬೆಳಗಿನ ತಿಂಡಿಗೆ ಅಥವಾ ಸುಮ್ನೆ ಬಂದ ಅತಿಥಿಗೆ. ಲಾಹೋರಿನ ಪೇಡೆವಾಲಿ ಲಸ್ಸಿಯಲ್ಲಿ ಪೇಡಾ ಒಡೆದು ಹಾಕಿ ಕಡೆಯುತ್ತಾರೆ. ಅದನ್ನು ಕುಡಿದ ಮೇಲೆ ಊಟದ ಮಾತೇ ಇಲ್ಲ, ನಿದ್ದೆ. ಎರಡು ಲೋಟ ಗಟ್ಟಿ ಮೊಸರು, ಅರ್ಧ ಲೋಟ ಹಾಲು, ಮೂರು ದೊಡ್ಡ ಚಮಚ ಸಕ್ಕರೆ, ಎರಡು ಪೇಡಾ, ಐಸು. ಕಡೆಗೋಲಿನಲ್ಲಿ ಕಡೆದರೆ ನೊರೆ ಚೆನ್ನಾಗಿ ಏಳುತ್ತದೆ. ಮಿಕ್ಸಿಯಲ್ಲಾದರೆ ಕೆಲವೇ ಸೆಕೆಂಡು, ಜಾಸ್ತಿ ಓಡಿಸಿದರೆ ಬೆಣ್ಣೆ ಬಿಟ್ಟು ನೀರಾಗುತ್ತದೆ. ಮೇಲೆ ಒಂದು ಪದರ ಹಾಲಿನ ಕೆನೆ.

ಕಚ್ಚಿ ಲಸ್ಸಿ ಅಂತ ಇನ್ನೊಂದಿದೆ, ಅದರಲ್ಲಿ ಮೊಸರೇ ಇಲ್ಲ. ಒಂದು ಪಾಲು ಹಾಲು, ಮೂರು ಪಾಲು ತಣ್ಣೀರು, ಚಿಟಿಕೆ ಉಪ್ಪು ಅಥವಾ ಸಕ್ಕರೆ. ನಮಗೆ ನೀರು ಹಾಲಿನಂತೆ ಅನಿಸುತ್ತದೆ, ಉರಿ ಬಿಸಿಲಿಗೆ ಹಿತ.

ರಂಜಾನ್ ಬಂದರೆ

ಉಪವಾಸ ಇರುವವರನ್ನು ಕರೆಯುವುದಾದರೆ ಸೂರ್ಯ ಮುಳುಗುವ ಹೊತ್ತು ನೋಡಿಕೊಳ್ಳಿ. ಮುಂಚೆಯೇ ಮೇಜಿನ ಮೇಲೆ ಖರ್ಜೂರ, ನೀರು, ಶರಬತ್ತು ಇಟ್ಟಿರಬೇಕು. ಅಜಾನ್ ಆದ ಮೇಲೆ ಅಡುಗೆಮನೆಗೆ ಓಡುವುದಲ್ಲ. ಮೊದಲು ಖರ್ಜೂರ, ನೀರು, ಆಮೇಲೆ ಶರಬತ್ತು. ಅವರು ಕೂತುಕೊಂಡೇ, ನಿಧಾನವಾಗಿ ಮೂರು ಉಸಿರಿನಲ್ಲಿ ಕುಡಿಯುತ್ತಾರೆ, ಗಟಗಟ ಅಂತಲ್ಲ. ಹಾಗಾಗಿ ಪುಟ್ಟ ಲೋಟ ಬೇಡ. ಮೊಹರಂ ತಿಂಗಳಲ್ಲಿ ರಸ್ತೆ ಬದಿ ಸಬೀಲ್ ಇಟ್ಟು ಹೋಗಿಬರುವವರಿಗೆಲ್ಲ ನೀರು, ಹಾಲು, ಶರಬತ್ತು ಹಂಚುತ್ತಾರೆ. ಕರ್ಬಲಾದಲ್ಲಿ ನೀರಿಲ್ಲದೆ ಬಳಲಿದವರ ನೆನಪಿಗೆ. ಅಲ್ಲಿ ಯಾರು ಏನು ಎತ್ತ ಅಂತ ಕೇಳುವುದಿಲ್ಲ, ಕೈ ಚಾಚಿದರೆ ಲೋಟ.

ಊಟ ಆದ ಮೇಲೆ, ಮತ್ತೆ ಚಳಿಗಾಲಕ್ಕೆ

ಪೇಶಾವರದ ಕಡೆಯವರು ಬಂದಿದ್ದರೆ ಊಟವಾದ ಮೇಲೆ ಕಹ್ವಾ ಇರಲೇಬೇಕು. ಊರಿನ ಕಿಸ್ಸಾ ಖ್ವಾನಿ ಬಜಾರಿನ ಹೆಸರೇ ಕತೆ ಹೇಳುವವರ ಪೇಟೆ ಅಂತ, ಅಲ್ಲಿ ಹಿಂದಿನಿಂದಲೂ ಕತೆಯ ಜೊತೆ ಕಹ್ವಾ. ನಾಲ್ಕು ಪುಟ್ಟ ಬಟ್ಟಲಿಗೆ ಆಗುವಷ್ಟು ನೀರಿಗೆ ನಾಲ್ಕು ಏಲಕ್ಕಿ ಜಜ್ಜಿ ಹಾಕಿ ಕುದಿಸಿ. ಎರಡು ಚಮಚ ಗ್ರೀನ್ ಟೀ ಹಾಕಿ ಒಂದೆರಡು ನಿಮಿಷ, ಅಷ್ಟೇ, ಜಾಸ್ತಿ ಕುದಿಸಿದರೆ ಕಹಿ. ಸಕ್ಕರೆ ಹಾಕಿ ಹಿಡಿಯಿಲ್ಲದ ಪ್ಯಾಲಿಗಳಲ್ಲಿ ಕೊಡಿ. ಖಾಲಿಯಾದಷ್ಟೂ ತುಂಬಿಸುತ್ತಾರೆ, ನೀವು ಅತಿಥಿಯಾಗಿ ಹೋದಾಗ ಸಾಕು ಅನಿಸಿದರೆ ಪ್ಯಾಲಿಯ ಮೇಲೆ ಕೈ ಅಡ್ಡ ಹಿಡಿಯಿರಿ. ಬಾಯಲ್ಲಿ "ಬಸ್" ಅಂದರೆ ಯಾರೂ ನಂಬುವುದಿಲ್ಲ.

ಚಳಿಗಾಲದ ಮದುವೆಗಳಲ್ಲಿ ಕಾಶ್ಮೀರಿ ಚಾಯ್. ತಿಳಿ ಗುಲಾಬಿ ಬಣ್ಣದ್ದು. ಬಣ್ಣ ಹಾಕಿ ಮಾಡುವವರೂ ಇದ್ದಾರೆ, ಬೇಕಿಲ್ಲ. ನಾಲ್ಕು ಲೋಟ ನೀರಿಗೆ ಎರಡು ದೊಡ್ಡ ಚಮಚ ಕಾಶ್ಮೀರಿ ಚಹಾ ಎಲೆ, ಇಲ್ಲದಿದ್ದರೆ ಗ್ರೀನ್ ಟೀ, ಕಾಲು ಚಮಚ ಅಡುಗೆ ಸೋಡ. ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸಿ. ಆಮೇಲೆ ಎರಡು ಲೋಟ ಐಸಿನಂಥ ತಣ್ಣೀರು ಸುರಿದು, ಸೌಟಿನಿಂದ ಎತ್ತಿ ಎತ್ತಿ ಮೇಲಿಂದ ಹೊಯ್ಯುತ್ತಾ ಇರಿ, ಹತ್ತು ಹದಿನೈದು ನಿಮಿಷ. ಕೈ ನೋಯುತ್ತದೆ, ಆದರೆ ಬಣ್ಣ ಬರುವುದೇ ಅಲ್ಲಿ. ಸೋಡ ಮತ್ತು ಗಾಳಿ ಸೇರಿ ಎಲೆಯ ರಸ ಗಾಢ ಕೆಂಪಾಗುತ್ತದೆ, ಹಾಲು ಬಿದ್ದಾಗ ಗುಲಾಬಿ. ಸೋಡ ಹೆಚ್ಚಾದರೆ ಸಾಬೂನಿನ ವಾಸನೆ, ಅಳತೆ ಮೀರಬೇಡಿ. ಕಾಶ್ಮೀರದಲ್ಲಿ ಇದಕ್ಕೆ ಉಪ್ಪು, ಲಾಹೋರ್ ಕರಾಚಿಗಳಲ್ಲಿ ಹೆಚ್ಚಾಗಿ ಸಕ್ಕರೆ. ಮೇಲೆ ಪಿಸ್ತಾ, ಬಾದಾಮಿ ಚೂರು.

ಏನು ಎಷ್ಟು ದಿನ ಇರುತ್ತದೆ ಅಂತ ಕೇಳುತ್ತೀರಿ. ಇಮ್ಲಿ ಆಲೂಬುಖಾರದ ಪಾಕವನ್ನು ಒಣ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಒದ್ದೆ ಚಮಚ ಹಾಕದಿದ್ದರೆ ಎರಡು ವಾರಕ್ಕೆ ತೊಂದರೆಯಿಲ್ಲ. ಕಾಶ್ಮೀರಿ ಚಹಾದ ಕೆಂಪು ಡಿಕಾಕ್ಷನ್ ಹಾಲು ಹಾಕದೆ ಮೂರು ನಾಲ್ಕು ದಿನ ಇರುತ್ತದೆ, ಬೇಕಾದಾಗ ಹಾಲು ಬೆರೆಸಿ ಬಿಸಿ ಮಾಡಿ. ನೆನೆದ ಗೋಂದ್ ಕತೀರಾ ಮೂರು ದಿನ. ಠಾದಲ್ ಮಾತ್ರ ಮಾರನೇ ದಿನಕ್ಕೆ ಹುಳಿ ತಿರುಗಲು ಶುರುವಾಗುತ್ತದೆ, ಮಿಕ್ಕರೆ ರಾತ್ರಿಯೇ ಕುಡಿದು ಮುಗಿಸಿ.